ಮನೆಗೊಂದೇ ಫೋನ್ ಇರುವಲ್ಲಿ ಆನ್‌ಲೈನ್ ಇಂಗ್ಲಿಷ್

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತದ್ದು ಕಲಬುರಗಿ ಜಿಲ್ಲೆ, ಶೇ 42.43. ಅದರ ಹಿಂದಿನ ವರ್ಷ ಅದೇ ಜಾಗದಲ್ಲಿ ಯಾದಗಿರಿ ಇತ್ತು, ಶೇ 50.59. ಇಂಥ ಪಟ್ಟಿ ಹೊರಬಿದ್ದಾಗಲೆಲ್ಲ ಆಗುವುದು ಒಂದೇ. ಸಭೆ ಸೇರುತ್ತದೆ, ಮುಖ್ಯ ಶಿಕ್ಷಕರಿಗೆ ನೋಟಿಸ್ ಹೋಗುತ್ತದೆ, ಗಣಿತ, ವಿಜ್ಞಾನ, ಇಂಗ್ಲಿಷ್ ಎಂಬ ಹೆಸರುಗಳು ಕೇಳಿಬರುತ್ತವೆ, ಪರಿಹಾರವೆಂದು ಸ್ಮಾರ್ಟ್ ಕ್ಲಾಸ್, ಟ್ಯಾಬ್, ಆ್ಯಪ್ ಮುಂದೆ ಬರುತ್ತವೆ. ಇಂಗ್ಲಿಷ್ ವಿಷಯದಲ್ಲಿ ಈ ಪರಿಹಾರಕ್ಕೆ ಒಲವು ಇನ್ನೂ ಹೆಚ್ಚು. ಗಣಿತಕ್ಕೆ ಮೇಷ್ಟರೇ ಬೇಕು, ಇಂಗ್ಲಿಷನ್ನಾದರೆ ಮೊಬೈಲೇ ಕಲಿಸಿಬಿಡುತ್ತದೆ ಎಂಬ ನಂಬಿಕೆ ಪೋಷಕರಲ್ಲೂ ಇದೆ, ಅಧಿಕಾರಿಗಳಲ್ಲೂ ಇದೆ.

ಈ ನಂಬಿಕೆಗೆ ಆಧಾರವೇ ಇಲ್ಲ ಎನ್ನುವಂತಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಸೇಡಂ ಅಥವಾ ಔರಾದ್‌ನ ಹುಡುಗನೊಬ್ಬನಿಗೆ ಇಂಗ್ಲಿಷ್ ಮಾತು ಕಿವಿಗೆ ಬೀಳಬೇಕಿದ್ದರೆ ಕ್ರಿಕೆಟ್ ಕಾಮೆಂಟರಿಯೇ ಗತಿಯಾಗಿತ್ತು. ಇವತ್ತು ಬಿಬಿಸಿ ಲರ್ನಿಂಗ್ ಇಂಗ್ಲಿಷ್, ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣಗಳು, ಪ್ರಥಮ್ ಬುಕ್ಸ್‌ನ ಕಥೆಗಳ ತಾಣ ಸ್ಟೋರಿವೀವರ್, ಓದು ಕಲಿಸುವ ಗೂಗಲ್‌ನ ಆ್ಯಪ್ ರೀಡ್ ಅಲಾಂಗ್ ಎಲ್ಲವೂ ದುಡ್ಡಿಲ್ಲದೆ ಸಿಗುತ್ತವೆ. ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ 2017ರಿಂದ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ಬೆಲೆ ನೆಲ ಕಚ್ಚಿತು. ಸಾಮಗ್ರಿಯ ಬರ ಎಂಬುದು ಈಗ ನೆಪ ಮಾತ್ರ.

ಆದರೆ ಈ ಸಾಧನಗಳನ್ನು ರೂಪಿಸಿದವರ ಕಣ್ಣ ಮುಂದಿದ್ದ ವಿದ್ಯಾರ್ಥಿಯೇ ಬೇರೆ. ಅವನ ಬಳಿ ಅವನದೇ ಫೋನ್ ಇದೆ, ಕಿವಿಗೆ ಇಯರ್‌ಫೋನ್ ಇದೆ, ದಿನಕ್ಕೆ ಕಾಲು ಗಂಟೆಯಾದರೂ ಯಾರೂ ಕೆಲಸಕ್ಕೆ ಕರೆಯದ ಬಿಡುವಿದೆ, ನಿರರ್ಗಳವಾಗಿ ಓದಲು ಬರುವ ಒಂದು ದೊಡ್ಡ ಭಾಷೆ ಆಗಲೇ ಕೈವಶವಾಗಿದೆ. ಚಿತ್ತಾಪುರದ, ಸುರಪುರದ, ಭಾಲ್ಕಿಯ ಸರ್ಕಾರಿ ಶಾಲೆಯ ಮಗುವಿಗೆ ಈ ನಾಲ್ಕರಲ್ಲಿ ಯಾವುದರ ಖಾತ್ರಿಯೂ ಇಲ್ಲ. ಹಾಗಾಗಿ ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳಲ್ಲಿ ಆನ್‌ಲೈನ್ ಇಂಗ್ಲಿಷ್ ಮೊದಲು ತಲುಪಬೇಕಾದದ್ದು ಶಿಕ್ಷಕರ ಕೈಗೆ, ಅವರ ಮೂಲಕ ತರಗತಿಗೆ. ಒಂದು ಫೋನ್, ಒಂದು ಸ್ಪೀಕರ್, ಒಂದಿಷ್ಟು ಝೆರಾಕ್ಸ್ ಹಾಳೆಗಳಲ್ಲಿ ಆಗುವಷ್ಟು ಕೆಲಸ ಮಗುವಿಗೊಂದು ಆ್ಯಪ್ ಎಂಬ ಯೋಜನೆಯಿಂದ ಇಲ್ಲಿ ಆಗದು ಎಂಬುದು ನನ್ನ ವಾದ.

ಫೋನ್ ಯಾರ ಕಿಸೆಯಲ್ಲಿದೆ?

14ರಿಂದ 18ರ ವಯಸ್ಸಿನ ಗ್ರಾಮೀಣ ಮಕ್ಕಳನ್ನು ಕುರಿತು ಶಿಕ್ಷಣ ಸ್ಥಿತಿಗತಿಯ ವರದಿ ಹೊರತರುವ ಅಸರ್ 2023ರಲ್ಲಿ ನಡೆಸಿದ ಸಮೀಕ್ಷೆ 26 ರಾಜ್ಯಗಳ 28 ಜಿಲ್ಲೆಗಳನ್ನು ಒಳಗೊಂಡಿತ್ತು. ನಮ್ಮ ಮೂರು ಜಿಲ್ಲೆಗಳು ಅದರಲ್ಲಿರಲಿಲ್ಲ. ಆದರೂ ಅದು ಕೊಟ್ಟ ಚಿತ್ರ ಇಲ್ಲಿನ ಯಾವ ಶಿಕ್ಷಕರಿಗೂ ಹೊಸದೆನಿಸದು. ಹೆಚ್ಚುಕಡಿಮೆ ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಫೋನ್ ಬಳಸಲು ಬರುವ ಹುಡುಗರಲ್ಲಿ ಸ್ವಂತ ಫೋನ್ ಇದ್ದವರು ಶೇ 43.7, ಹುಡುಗಿಯರಲ್ಲಿ ಶೇ 19.8.

ಮನೆಯಲ್ಲಿ ಫೋನ್ ಇದೆ ಎಂದ ಮಾತ್ರಕ್ಕೆ ಅದು ಮಗುವಿನ ಕೈಗೆ ಸಿಗುತ್ತದೆ ಎಂದಾಗುವುದಿಲ್ಲ. ಯಾದಗಿರಿ, ಕಲಬುರಗಿಯ ಎಷ್ಟೋ ಹಳ್ಳಿ, ತಾಂಡಾಗಳ ಜನ ಸುಗ್ಗಿ ಮುಗಿಯುತ್ತಲೇ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಫೋನ್ ಅಪ್ಪನ ಕಿಸೆಯಲ್ಲಿ ಪುಣೆಯ ಕಟ್ಟಡದ ಕೆಲಸಕ್ಕೆ ಹೋಗಿರುತ್ತದೆ; ಮಗು ಅಜ್ಜಿಯೊಂದಿಗೆ ಊರಲ್ಲಿರುತ್ತದೆ. ಊರಲ್ಲೇ ಉಳಿದ ಮನೆಗಳಲ್ಲಿ ಫೋನ್ ಸಂಜೆ ಏಳರ ನಂತರ ಮನೆಗೆ ಬರುತ್ತದೆ, ಮೊದಲ ಸರದಿ ಅಣ್ಣನದು. ತಂಗಿಯ ಸರದಿ ಬರುವ ಹೊತ್ತಿಗೆ ಚಾರ್ಜ್ ಇರುವುದಿಲ್ಲ, ದಿನದ ಡೇಟಾ ಮುಗಿದಿರುತ್ತದೆ, ಅಥವಾ ‘ರಾತ್ರಿ ಹೊತ್ತು ಹುಡುಗಿಗೆ ಫೋನ್ ಯಾಕೆ’ ಎಂಬ ಪ್ರಶ್ನೆ ಏಳುತ್ತದೆ. ಸತತ ಇಷ್ಟು ದಿನ ಕಲಿತೆ ಎಂದು ಲೆಕ್ಕ ಇಟ್ಟು ಹುರಿದುಂಬಿಸುವ ಆ್ಯಪ್‌ಗಳಿಗೆ ಈ ಮನೆಯ ಸಂಗತಿ ಗೊತ್ತಿಲ್ಲ. ಎರಡು ದಿನ ಫೋನ್ ಸಿಗದಿದ್ದರೆ ಲೆಕ್ಕ ಸೊನ್ನೆಗೆ ಬೀಳುತ್ತದೆ, ಅದರೊಂದಿಗೆ ಹುರುಪೂ.

ಮನೆಯವರು ಪಕ್ಕದಲ್ಲಿ ಕೂತು ನೆರವಾಗಲಿ ಎನ್ನುವುದಕ್ಕೂ ಮಿತಿಯಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಬೀದರ್‌ನದು ಶೇ 70.51, ಕಲಬುರಗಿಯದು 64.85, ಯಾದಗಿರಿಯದು 51.83. ಯಾದಗಿರಿಯದು ರಾಜ್ಯದಲ್ಲೇ ಅತಿ ಕಡಿಮೆ. ಇಂದು ಹೈಸ್ಕೂಲಿನಲ್ಲಿರುವ ಮಕ್ಕಳ ತಂದೆತಾಯಿ ಆ ಗಣತಿಯ ಕಾಲದ ಯುವಕ, ಯುವತಿಯರು. ಓಟಿಪಿ ಬಂದರೆ ಅದನ್ನು ಓದಿ ಹೇಳುವುದು ಮಗುವೇ.

ಇನ್ನೊಂದು ದೊಡ್ಡ ಗುಂಪನ್ನು ಈ ಚರ್ಚೆಯಲ್ಲಿ ಮರೆತೇಬಿಡುತ್ತಾರೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ, ಕಸ್ತೂರಬಾ ಗಾಂಧಿ ವಸತಿ ಶಾಲೆಗಳ ಮಕ್ಕಳ ಕೈಗೆ ಫೋನ್ ಕೊಡುವುದೇ ಇಲ್ಲ. ಕೊಡದಿರುವುದು ಸರಿಯೇ. ಆದರೆ ಅಲ್ಲಿ ಮನೆಯಲ್ಲಿ ಸಿಗದ ಒಂದು ಅನುಕೂಲವಿದೆ: ಸಂಜೆ ಹೊತ್ತು ಮಕ್ಕಳೆಲ್ಲ ಒಂದೇ ಕಡೆ ಇರುತ್ತಾರೆ. ಒಬ್ಬ ವಾರ್ಡನ್ ಮನಸ್ಸು ಮಾಡಿ ಊಟಕ್ಕೆ ಮೊದಲು ಹತ್ತು ನಿಮಿಷ ಒಂದು ಕಥೆ ಕೇಳಿಸಿದರೆ ಐವತ್ತು ಮಕ್ಕಳಿಗೆ ಒಟ್ಟಿಗೆ ತಲುಪುತ್ತದೆ.

ಹಿಂದಿಯ ಮೂಲಕ ಇಂಗ್ಲಿಷ್

ಭಾರತದ ಕಲಿಕಾರ್ಥಿಗಳಿಗೆಂದೇ ಮಾಡಿದ ಉಚಿತ ಪಾಠಗಳಲ್ಲಿ, ಯೂಟ್ಯೂಬ್‌ನ ಸ್ಪೋಕನ್ ಇಂಗ್ಲಿಷ್ ಚಾನೆಲ್‌ಗಳಲ್ಲಿ ಬಹುಪಾಲು ವಿವರಣೆ ಹಿಂದಿಯಲ್ಲಿದೆ. ಭಾಷೆ ಕಲಿಸುವ ಆ್ಯಪ್ ಡ್ಯುಯೊಲಿಂಗೊ ಕೂಡ ಭಾರತದ ಇತರ ಭಾಷೆಗಳತ್ತ ನೋಡುವ ಎಷ್ಟೋ ವರ್ಷ ಮೊದಲೇ ಹಿಂದಿಯ ಮೂಲಕ ಇಂಗ್ಲಿಷ್ ಕಲಿಸತೊಡಗಿತ್ತು. ಮಂಡ್ಯ, ಹಾಸನದವರಿಗೆ ಇದು ನೇರ ಅಡ್ಡಿ. ನಮ್ಮ ಕಡೆಯ ಕಥೆ ಬೇರೆ, ಇನ್ನಷ್ಟು ಗೋಜಲು. ಕಲಬುರಗಿ, ಬೀದರ್ ಪೇಟೆಗಳಲ್ಲಿ ದಖನಿ ಉರ್ದು ದಿನನಿತ್ಯದ ಮಾತು, ಆದ್ದರಿಂದ ನಗರದ ಮಗುವಿಗೆ ಹಿಂದಿ ಪಾಠ ಮುಕ್ಕಾಲು ಭಾಗ ತಿಳಿಯುತ್ತದೆ. ಅದೇ ಪಾಠ ಸುರಪುರ ತಾಲ್ಲೂಕಿನ ಹಳ್ಳಿಯ ಕನ್ನಡ ಮಗುವಿಗೆ ಒಂದು ಅಪರಿಚಿತ ಭಾಷೆಯನ್ನು ಇನ್ನೊಂದು ಅರೆಪರಿಚಿತ ಭಾಷೆಯಲ್ಲಿ ವಿವರಿಸಿದಂತೆ. ‘ಈ ಕಡೆಯವರಿಗೆ ಹಿಂದಿ ಬರುತ್ತದಲ್ಲ’ ಎಂದು ಮೇಲಿನವರು ಮಾಡಿಕೊಳ್ಳುವ ಊಹೆ ನಗರದ ಗಡಿಯಲ್ಲೇ ನಿಲ್ಲುತ್ತದೆ.

ಜೊತೆಗೆ ಇಲ್ಲಿ ಕನ್ನಡ ಮಾಧ್ಯಮ ಒಂದೇ ಅಲ್ಲ. ಉರ್ದು ಶಾಲೆಗಳಿವೆ, ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ ಶಾಲೆಗಳಿವೆ, ಸೇಡಂ, ಗುರುಮಠಕಲ್ ಭಾಗದ ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ತಾಂಡಾದ ಮಗುವಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ, ಪುಸ್ತಕ ಎರಡನೆಯ ಭಾಷೆ ಎಂದು ಕರೆಯುವ ಇಂಗ್ಲಿಷ್ ಅದಕ್ಕೆ ಮೂರನೆಯದು. ಒಂದೇ ಆ್ಯಪ್ ಈ ಎಲ್ಲ ಮಕ್ಕಳಿಗೂ ಸರಿಹೊಂದುವುದು ಹೇಗೆ? ಯಾವ ಪದವನ್ನು ಯಾವ ಮಗುವಿಗೆ ಯಾವ ಮಾತಿನಲ್ಲಿ ಬಿಡಿಸಿ ಹೇಳಬೇಕೆಂಬುದು ಆ ಶಾಲೆಯ ಶಿಕ್ಷಕರಿಗೆ ಮಾತ್ರ ಗೊತ್ತಿರುತ್ತದೆ. ಒಂದೇ ತರಗತಿಯಲ್ಲಿ ಒಂದು ಪದಕ್ಕೆ ಕನ್ನಡ, ಉರ್ದು, ಲಂಬಾಣಿ ಮೂರರಲ್ಲೂ ಅರ್ಥ ಹೇಳಿ ಮುಂದೆ ಹೋಗುವ ಶಿಕ್ಷಕಿಯರು ಈ ಭಾಗದಲ್ಲಿ ಅಪರೂಪವಲ್ಲ. ಅವರ ಈ ಕೌಶಲ್ಯವನ್ನು ಯಾವ ತರಬೇತಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಬೇರೆ ಮಾತು.

ಉಚ್ಚಾರಣೆ ತಿದ್ದುವ ಆ್ಯಪ್‌ಗಳ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಕನ್ನಡದ ಮಗು ಸ್ವರದಿಂದ ಶುರುವಾಗುವ ಪದಕ್ಕೆ ಯಕಾರ, ವಕಾರ ಸೇರಿಸುತ್ತದೆ, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಕೊನೆಗೊಂದು ಉಕಾರ ಅಂಟಿಸುತ್ತದೆ. ಉರ್ದು ಮನೆಯ ಮಗುವಿಗೆ ಝೀರೊ ಎಂಬುದರ ಮೊದಲ ಧ್ವನಿ ಸಲೀಸು, ಆದರೆ ಸ್ಕೂಲ್ ಎನ್ನುವಾಗ ಇಸ್ಕೂಲ್ ಆಗುತ್ತದೆ. ಈ ಎರಡು ತಪ್ಪುಗಳಿಗೆ ಎರಡು ಬಗೆಯ ಅಭ್ಯಾಸ ಬೇಕು. ಆ್ಯಪ್ ಎರಡಕ್ಕೂ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತದೆ. ಐವತ್ತು ಮಕ್ಕಳ ಗದ್ದಲದ ಕೋಣೆಯಲ್ಲಿ ಅದಕ್ಕೆ ಕೇಳಿಸುವುದಾದರೂ ಏನು?

ಕಿವಿಗೆ ಮತ್ತು ಓದಿಗೆ

ಹಾಗಾದರೆ ಆನ್‌ಲೈನ್ ಸಾಧನಗಳು ನಿಜವಾಗಿ ಒದಗಿಬರುವುದು ಎಲ್ಲಿ? ಕೇಳುವುದರಲ್ಲಿ ಮತ್ತು ಓದುವುದರಲ್ಲಿ. ನಮ್ಮ ತರಗತಿಗಳಲ್ಲಿ ಇಂಗ್ಲಿಷ್ ಪಿರಿಯಡ್ ಎಂದರೆ ಶಿಕ್ಷಕರು ಒಂದು ವಾಕ್ಯ ಓದುವುದು, ಅದನ್ನು ಕನ್ನಡದಲ್ಲಿ ಹೇಳುವುದು, ಕೊನೆಗೆ ಪ್ರಶ್ನೋತ್ತರ ಬರೆಸುವುದು. ನಲವತ್ತು ನಿಮಿಷದಲ್ಲಿ ಮಗುವಿನ ಕಿವಿಗೆ ಬೀಳುವ ಇಂಗ್ಲಿಷ್ ನಾಲ್ಕೈದು ನಿಮಿಷದ್ದು, ಅದೂ ಅರ್ಥವಾಗದ್ದು. ಭಾಷೆ ಬರುವುದು ಅರ್ಥವಾಗುವ ಮಾತು ಹೇರಳವಾಗಿ ಕಿವಿಗೆ ಬಿದ್ದಾಗ ಎಂದು ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲಿ ವಾದಿಸಿದರು; ಅಷ್ಟೇ ಸಾಲದು, ಕಲಿಯುವವರು ತಾವೂ ಆಡಬೇಕು, ಬರೆಯಬೇಕು ಎಂದು ಇನ್ನೊಬ್ಬ ಭಾಷಾವಿಜ್ಞಾನಿ ಮೆರಿಲ್ ಸ್ವೇನ್ ತಿದ್ದಿದರು. ನಮ್ಮಲ್ಲಿ ಮೊದಲನೆಯದೇ ಆಗುತ್ತಿಲ್ಲ.

ಓದಿನ ಕಥೆಯೂ ಇದೇ. ಒಂದು ಪುಟವನ್ನು ಯಾರ ನೆರವೂ ಇಲ್ಲದೆ ಓದಿ ತಿಳಿಯಬೇಕಾದರೆ ನೂರು ಪದಗಳಲ್ಲಿ ಸುಮಾರು 98 ಪದ ಮೊದಲೇ ಗೊತ್ತಿರಬೇಕು ಎಂಬುದು ಪದಸಂಪತ್ತಿನ ಕಲಿಕೆಯ ಸಂಶೋಧಕ ಪಾಲ್ ನೇಶನ್ ಮತ್ತು ಸಂಗಡಿಗರ ಸಂಶೋಧನೆ ಕಂಡುಕೊಂಡ ಅಳತೆ. ಹತ್ತನೇ ತರಗತಿಯ ಪಾಠಪುಸ್ತಕ ತೆರೆದು ಹಳ್ಳಿಯ ಮಗುವಿಗೆ ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆಯುತ್ತ ಹೋದರೆ ಪುಟ ಕೆಂಪಾಗುತ್ತದೆ. ಮೇಲೆ ಹೇಳಿದ ಅಸರ್ ಸಮೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 57.3; ಅವರಲ್ಲೂ ಅರ್ಥ ಹೇಳಬಲ್ಲವರು ಮುಕ್ಕಾಲು ಪಾಲು ಮಾತ್ರ. ಅಂಥ ಮಗುವಿಗೆ ಬೇಕಾದದ್ದು ತನ್ನ ಮಟ್ಟದ ಸುಲಭ ಪುಸ್ತಕಗಳು, ಅವೂ ಹತ್ತಾರು. ಸ್ಟೋರಿವೀವರ್ ಬೆಲೆ ಬಾಳುವುದು ಈ ಕಾರಣಕ್ಕೆ. 2015ರಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ಆರಂಭಿಸಿದ ಈ ತಾಣದಲ್ಲಿ ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಒಂದೇ ಕಥೆ ಇಂಗ್ಲಿಷ್, ಕನ್ನಡ, ಉರ್ದು, ಮರಾಠಿಗಳಲ್ಲಿ ಸಿಗುವುದುಂಟು. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲ ಮಟ್ಟದ ಕಥೆಯಲ್ಲಿ ಪುಟಕ್ಕೆ ಒಂದೆರಡು ವಾಕ್ಯ. ಎಂಟನೇ ತರಗತಿಯವರಿಗೆ ಇದು ಮಕ್ಕಳಾಟಿಕೆ ಎಂದು ಶಿಕ್ಷಕರು ಮುಜುಗರಪಡುತ್ತಾರೆ. ಬೇಡ. ಓದಿ ಮುಗಿಸಿದೆ ಎಂಬ ಖುಷಿ ಎಂಟನೇ ತರಗತಿಯಲ್ಲೇ ಮೊದಲ ಸಲ ಸಿಗುವ ಮಕ್ಕಳು ಬಹಳ.

ಕೇಳಿಸುವ ಕೆಲಸಕ್ಕೆ ಒಂದು ಪಿರಿಯಡ್ ಹೇಗೆ ಸಾಗಬಹುದು, ನೋಡೋಣ. ಶಿಕ್ಷಕಿ ಬ್ರಿಟಿಷ್ ಕೌನ್ಸಿಲ್‌ನ ಮಕ್ಕಳ ತಾಣದ ಒಂದು ಪುಟ್ಟ ಕಥೆಯನ್ನು ಹಿಂದಿನ ರಾತ್ರಿ ನೆಟ್‌ವರ್ಕ್ ಚೆನ್ನಾಗಿರುವಾಗ ಫೋನಿಗೆ ಇಳಿಸಿಕೊಂಡಿದ್ದಾರೆ. ಅದರಲ್ಲಿ ಮುಕ್ಕಾಲು ನಿಮಿಷದ ತುಣುಕು ಆರಿಸಿದ್ದಾರೆ. ತರಗತಿಯಲ್ಲಿ ಚಿಕ್ಕ ಬ್ಲೂಟೂತ್ ಸ್ಪೀಕರ್. ಮೊದಲ ಸಲ ಬರೀ ಕೇಳುವುದು. ಎರಡನೆಯ ಸಲ ಸಿಕ್ಕ ಪದಗಳನ್ನು ಗೀಚಿಕೊಳ್ಳುವುದು. ಆಮೇಲೆ ನಾಲ್ಕು ನಾಲ್ಕು ಮಂದಿ ಕೂಡಿ ಆ ಪದಗಳಿಂದ ಕಥೆಯನ್ನು ಮತ್ತೆ ಕಟ್ಟುವುದು. ಗಲಾಟೆ ಶುರುವಾಗುವುದೇ ಇಲ್ಲಿ. ಒಬ್ಬಳಿಗೆ ‘ವಾಕ್’ ಎಂದು ಕೇಳಿದೆ, ಇನ್ನೊಬ್ಬನಿಗೆ ‘ವಾಕ್ಸ್’, ಮೂರನೆಯವಳು ಕೊನೆಯಲ್ಲಿ ಟಕಾರ ಕೇಳಿತು ಎಂದು ಹಟ ಹಿಡಿದಿದ್ದಾಳೆ. ‘ನಿನ್ನೆ’ ಎಂಬರ್ಥದ ಪದ ಮೊದಲು ಬಂದಿತ್ತಲ್ಲ ಎಂದು ನಾಲ್ಕನೆಯವನು ನೆನಪಿಸಿದಾಗ ಮೂರನೆಯವಳು ಗೆಲ್ಲುತ್ತಾಳೆ. ಭೂತಕಾಲದ ಕ್ರಿಯಾಪದಕ್ಕೆ ಏನು ಸೇರುತ್ತದೆ, ಅದು ಕಿವಿಗೆ ಹೇಗೆ ಕೇಳುತ್ತದೆ ಎಂಬುದನ್ನು ಶಿಕ್ಷಕಿ ಈ ಹೊತ್ತಿಗೆ ಎರಡು ವಾಕ್ಯದಲ್ಲಿ ಹೇಳಿದರೂ ಸಾಕು, ಮಕ್ಕಳಿಗೆ ನಾಟುತ್ತದೆ. ಕೊನೆಗೆ ಮೂಲದ ಸಾಲುಗಳನ್ನು ಹಲಗೆಯ ಮೇಲೆ ಬರೆದು ಹೋಲಿಸುವುದು. ಭಾಷಾಬೋಧನೆಯವರು ಇದನ್ನು ಡಿಕ್ಟೊಗ್ಲಾಸ್ ಎನ್ನುತ್ತಾರೆ. ಇದಕ್ಕೆ ಬೇಕಾದದ್ದು ಇಂಟರ್ನೆಟ್ಟಿನ ಒಂದು ತುಣುಕು ಮಾತ್ರ. ಉಳಿದ ಮೂವತ್ತೈದು ನಿಮಿಷ ಮಕ್ಕಳದು.

ಗಮನಿಸಿ, ಇಲ್ಲಿ ವಿಡಿಯೊ ಇಲ್ಲ. ಬೇಕಾಗಿಯೂ ಇಲ್ಲ. ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್‌ನಂಥ ಆರು ನಿಮಿಷದ ಧ್ವನಿ ಪಾಠ ಸುಮಾರು 6 ಎಂಬಿ ತಿನ್ನುತ್ತದೆ. ಅಷ್ಟೇ ಹೊತ್ತಿನ ವಿಡಿಯೊಗೆ ಅದರ ಹತ್ತು ಪಟ್ಟು ಬೇಕಾಗಬಹುದು. ಧ್ವನಿ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬಹುದು, ಮೆಮರಿ ಕಾರ್ಡ್‌ನಲ್ಲಿ ದಾಟಿಸಬಹುದು, ಕರೆಂಟ್ ಹೋದರೂ ಕೇಳಿಸಬಹುದು. ಸ್ಮಾರ್ಟ್ ಕ್ಲಾಸಿನ ಪರದೆ ಏಪ್ರಿಲ್‌ನ ಮಧ್ಯಾಹ್ನ ಲೋಡ್ ಶೆಡ್ಡಿಂಗ್ ಆದೊಡನೆ ಬರೀ ಗೋಡೆ. ಬಾಂಗ್ಲಾದೇಶದಲ್ಲಿ 2009ರಲ್ಲಿ ಶುರುವಾದ ಬಿಬಿಸಿ ಜನಾಲಾ ಯೋಜನೆ ಸ್ಮಾರ್ಟ್‌ಫೋನ್ ಇಲ್ಲದವರನ್ನೇ ಲೆಕ್ಕಕ್ಕೆ ಹಿಡಿದಿತ್ತು: ಸಾದಾ ಫೋನಿನಿಂದ ಒಂದು ನಂಬರ್ ಒತ್ತಿದರೆ ಕೆಲವೇ ನಿಮಿಷದ ಇಂಗ್ಲಿಷ್ ಪಾಠ ಕೇಳಿಸುತ್ತಿತ್ತು. ನಮ್ಮಲ್ಲೂ ಆಕಾಶವಾಣಿಯ ‘ಕೇಳಿ ಕಲಿ’ ಪಾಠಗಳಿದ್ದವು, ಕಲಬುರಗಿ ನಿಲಯ 1966ರಿಂದಲೂ ಇದೆ. ಪರದೆಯ ಮೋಹದಲ್ಲಿ ಕಿವಿಯನ್ನು ಮರೆತದ್ದು ನಾವೇ.

ಸಿಕ್ಸ್ ಮಿನಿಟ್ ಇಂಗ್ಲಿಷ್ ಹೈಸ್ಕೂಲ್ ಮಕ್ಕಳಿಗೆ ಕಠಿಣ ಎಂಬುದನ್ನೂ ಹೇಳಬೇಕು. ಅದರ ಮಟ್ಟ ಪಿಯುಸಿ, ಪದವಿಯವರದು. ಇನ್ನೂ ಸರಿಯಾಗಿ ಹೇಳುವುದಾದರೆ ಅದು ಶಿಕ್ಷಕರದು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ದಕ್ಷಿಣ ಭಾರತದ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ, ಆದರೆ ಔರಾದ್‌ನಿಂದ ಬೆಂಗಳೂರಿಗೆ ಎಷ್ಟು ಮಂದಿ ಎಷ್ಟು ಸಲ ಹೋಗಿ ಬರಲು ಸಾಧ್ಯ? ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಪಾಠ ಬೇರೆ ವಿಷಯದವರ ಹೆಗಲಿಗೂ ಬೀಳುತ್ತದೆ, ಅತಿಥಿ ಶಿಕ್ಷಕರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಬಸ್ಸಿನಲ್ಲಿ ಶಾಲೆಗೆ ಹೋಗುವ ಒಂದು ಗಂಟೆಯಲ್ಲಿ ಪಠ್ಯ ನೋಡುತ್ತ ಒಂದು ಪಾಠ ಕೇಳುವ ಶಿಕ್ಷಕಿಯ ಇಂಗ್ಲಿಷ್ ವರ್ಷದೊಳಗೆ ಬದಲಾಗುತ್ತದೆ, ಆ ಬದಲಾವಣೆ ಅವರ ತರಗತಿಯ ಅಷ್ಟೂ ಮಕ್ಕಳಿಗೆ ದಾಟುತ್ತದೆ.

ಒಂದು ಎಚ್ಚರಿಕೆ. ಉಚಿತ ಎಂದರೆ ಶಾಶ್ವತ ಎಂದಲ್ಲ. ಅಮೆರಿಕದ ವಾಯ್ಸ್ ಆಫ್ ಅಮೆರಿಕ 1959ರಿಂದ ಕಲಿಯುವವರಿಗಾಗಿಯೇ ನಿಧಾನ ಗತಿಯಲ್ಲಿ, ಸುಮಾರು 1,500 ಪದಗಳ ಮಿತಿಯಲ್ಲಿ ಸುದ್ದಿ ಓದುತ್ತ ಬಂದಿತ್ತು. ನಮ್ಮಂಥ ತರಗತಿಗೆ ಅದಕ್ಕಿಂತ ಹೊಂದುವ ಸಾಮಗ್ರಿ ಕಡಿಮೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರ ಒಂದು ಆದೇಶದ ಬೆನ್ನಿಗೆ ಆ ಸಂಸ್ಥೆಯ ಸಿಬ್ಬಂದಿಯಲ್ಲಿ ಬಹುತೇಕರನ್ನು ರಜೆಯ ಮೇಲೆ ಕಳುಹಿಸಿದರು, ಹೊಸ ಪಾಠಗಳು ನಿಂತವು. ಮೊದಲೇ ಇಳಿಸಿಟ್ಟುಕೊಂಡವರಿಗೆ ನಷ್ಟವಾಗಲಿಲ್ಲ. ಕೊಂಡಿಯನ್ನಷ್ಟೇ ಉಳಿಸಿಕೊಂಡವರ ಕೈಯಲ್ಲಿ ಏನೂ ಇಲ್ಲ. ಒಳ್ಳೆಯದು ಕಂಡರೆ ಪರವಾನಗಿ ನೋಡಿ ಇಳಿಸಿಟ್ಟುಕೊಳ್ಳುವುದು, ಸುತ್ತಲ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟಿಸುವುದು ಜಾಣತನ.

ತೊಗರಿ ಬೆಲೆಯ ಪಾಠ

ಇಂಗ್ಲಿಷ್ ಕಲಿಸಲೆಂದು ಮಾಡಿದ ತಾಣಗಳಷ್ಟೇ ಇಂಗ್ಲಿಷ್ ಕಲಿಸುತ್ತವೆ ಎಂದೇನಿಲ್ಲ. ಭಾಷಾಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾಬೋಧನೆಯಲ್ಲಿ ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಗಿದೆ. ವ್ಯಾಕರಣ ಪಾಠ ಬದಿಗಿಟ್ಟು ಅವರು ಮಕ್ಕಳ ಮುಂದೆ ರೈಲ್ವೆ ವೇಳಾಪಟ್ಟಿ, ನಕ್ಷೆಗಳನ್ನು ಇಟ್ಟರು, ಇಂಗ್ಲಿಷಿನಲ್ಲಿ ಬಿಡಿಸಬೇಕಾದ ಲೆಕ್ಕಾಚಾರ ಕೊಟ್ಟರು. ಗಮನ ಸಮಸ್ಯೆಯ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ.

ಆಗ ಮುದ್ರಿಸಿದ ವೇಳಾಪಟ್ಟಿ ಹುಡುಕಿ ತರಬೇಕಿತ್ತು, ಈಗ ಎಲ್ಲವೂ ಫೋನಿನಲ್ಲಿದೆ. ಕಲಬುರಗಿ ಮಕ್ಕಳಿಗೆ ಅದರಲ್ಲಿ ಅತ್ಯಂತ ಆಪ್ತವಾದದ್ದು ಯಾವುದು? ನನ್ನ ಮತ ಕೃಷಿ ಮಾರುಕಟ್ಟೆ ಬೆಲೆ ತೋರಿಸುವ ಅಗ್‌ಮಾರ್ಕ್‌ನೆಟ್ ತಾಣಕ್ಕೆ. ಅದರಲ್ಲಿ ತೊಗರಿಯನ್ನು ಅರ್ಹರ್, ತುರ್, ರೆಡ್ ಗ್ರಾಮ್ ಎಂದು ಮೂರು ಹೆಸರಿನಿಂದ ಕರೆದಿರುತ್ತಾರೆ. ಮುಂದೆ ಮಾರುಕಟ್ಟೆಯ ಹೆಸರು, ದಿನಾಂಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಹೆಚ್ಚಿನ ಮಾಲು ಮಾರಾಟವಾದ ಬೆಲೆ. ಒಂದು ವಾರದ ಪಟ್ಟಿಯನ್ನು ಝೆರಾಕ್ಸ್ ಮಾಡಿಸಿ ಒಂಬತ್ತನೇ ತರಗತಿಗೆ ಕೊಡಿ. ಯಾವ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು? ಸೋಮವಾರಕ್ಕಿಂತ ಶುಕ್ರವಾರ ಏರಿತೋ, ಇಳಿಯಿತೋ? 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಯಾವ ದಿನ ಮಾರಿದವರಿಗೆ ಅದಕ್ಕಿಂತ ಕಡಿಮೆ ಸಿಕ್ಕಿತು? ಹತ್ತು ಚೀಲ ಮಾರಲು ಎಲ್ಲಿಗೆ ಒಯ್ಯುತ್ತೀರಿ, ಯಾಕೆ? ಪ್ರಶ್ನೆಗಳೂ ಉತ್ತರಗಳೂ ಇಂಗ್ಲಿಷಿನಲ್ಲೇ ಇರಲಿ. ಹೋಲಿಕೆಯ ವಿಶೇಷಣಗಳನ್ನು ಬಳಸದೆ ಇಲ್ಲಿ ಒಂದು ವಾಕ್ಯವನ್ನೂ ಹೇಳಲಾಗದು. ಅವುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಕಷ್ಟ ತಪ್ಪುತ್ತದೆ.

ಈ ಪಾಠದಲ್ಲಿ ಶಿಕ್ಷಕಿಗಿಂತ ಹೆಚ್ಚು ಗೊತ್ತಿರುವ ಮಕ್ಕಳು ತರಗತಿಯಲ್ಲಿರುತ್ತಾರೆ. ತೇವಾಂಶ ಹೆಚ್ಚಿದ್ದರೆ ಬೆಲೆ ಕಡಿತವಾಗುತ್ತದೆ, ಅಡತಿಯವರು ಕಮಿಷನ್ ಹಿಡಿಯುತ್ತಾರೆ, ಸಾಗಣೆ ಖರ್ಚು ಬೇರೆ ಎಂದು ಹಿಂದಿನ ಬೆಂಚಿನ ಹುಡುಗ ಹೇಳತೊಡಗುತ್ತಾನೆ. ಇಂಗ್ಲಿಷ್ ಪಿರಿಯಡ್‌ನಲ್ಲಿ ವರ್ಷವಿಡೀ ಬಾಯಿ ಬಿಡದವನಿಗೂ ಇಲ್ಲಿ ಹೇಳಲು ಏನಾದರೂ ಇರುತ್ತದೆ. ಪದ ಸಿಗದಿದ್ದರೆ ಕನ್ನಡದಲ್ಲಿ ಹೇಳಲಿ, ಪದ ಹುಡುಕಲು ಅಲರ್ ಇದೆ: ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, 2019ರಿಂದ ಆನ್‌ಲೈನ್‌ನಲ್ಲಿ ಎಲ್ಲರಿಗೂ ಮುಕ್ತ. ಬೀದರ್‌ನವರು ಉದ್ದು, ಸೋಯಾ ಪಟ್ಟಿ ತೆಗೆದುಕೊಳ್ಳಬಹುದು, ಶಹಾಪುರದವರು ಹತ್ತಿ.

ಎಐ ಬಂದ ಮೇಲೆ

2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಅದರಿಂದಾಗುವ ಪ್ರಯೋಜನ ತದ್ವಿರುದ್ಧ. ಶಿಕ್ಷಕರ ಕೈಯಲ್ಲಿ ಅದು ದೊಡ್ಡ ಅನುಕೂಲ. ಕಠಿಣ ಪಾಠದ ಒಂದು ಪುಟವನ್ನು ಐದನೇ ತರಗತಿಯ ಮಟ್ಟದ ನೂರಿಪ್ಪತ್ತು ಪದಗಳಿಗೆ ಇಳಿಸಿ ಕೊಡು ಎಂದರೆ ಕೊಡುತ್ತದೆ, ಅದೇ ಕಥೆಗೆ ಮೂರು ಮಟ್ಟದ ಪ್ರಶ್ನೆ ಕೇಳಿದರೆ ಅದನ್ನೂ ಕೊಡುತ್ತದೆ. ಮೊದಲು ರಾತ್ರಿಯಿಡೀ ಕೂತು ಮಾಡಬೇಕಿದ್ದ ಕೆಲಸ ಇದು. ಕೊಟ್ಟದ್ದನ್ನು ಒಮ್ಮೆ ಓದಿ ತಿದ್ದಬೇಕು, ಏಕೆಂದರೆ ಅದು ತಪ್ಪನ್ನೂ ಅಷ್ಟೇ ಠೀವಿಯಿಂದ ಹೇಳುತ್ತದೆ.

ವಿದ್ಯಾರ್ಥಿಯ ಕೈಯಲ್ಲಿ ಅದು ಬರೆಯುವ ಕೆಲಸವನ್ನೇ ಕಸಿದುಕೊಳ್ಳುತ್ತದೆ. ಪ್ರಶ್ನೆಯ ಫೋಟೊ ತೆಗೆದರೆ ಉತ್ತರ ಸಿದ್ಧ. ಮಗು ಅದನ್ನು ಅಂದವಾಗಿ ನಕಲು ಮಾಡಿ ತರುತ್ತದೆ. ಮೊದಲು ಗೈಡ್ ನೋಡಿ ಬರೆಯುತ್ತಿದ್ದರು, ಈಗ ಫೋನ್ ನೋಡಿ ಬರೆಯುತ್ತಾರೆ, ವ್ಯತ್ಯಾಸವೇನು ಎಂದು ಕೇಳುವವರಿದ್ದಾರೆ. ವ್ಯತ್ಯಾಸವಿದೆ. ಗೈಡ್‌ನ ಉತ್ತರ ಎಲ್ಲರದೂ ಒಂದೇ ಇರುತ್ತಿತ್ತು, ಸಿಕ್ಕಿಬೀಳುತ್ತಿತ್ತು. ಇದು ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಬರೆದುಕೊಡುತ್ತದೆ. ನಿಷೇಧದಿಂದ ಇದು ನಿಲ್ಲದು. ಬರೆದು ತಂದದ್ದರ ಬಗ್ಗೆ ಎರಡು ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಕೇಳುವುದು ಮಾತ್ರ ಉಳಿದಿರುವ ದಾರಿ. ಹಂಚಿಕೊಂಡ ಒಂದೇ ಫೋನ್ ಇಲ್ಲೂ ನೆರವಾಗುತ್ತದೆ. ಒಂದು ಗುಂಪು ತರಗತಿಯಲ್ಲೇ ಬರೆದ ಪತ್ರವನ್ನು ಶಿಕ್ಷಕಿ ಕೇಂಬ್ರಿಜ್‌ನ ರೈಟ್ ಆ್ಯಂಡ್ ಇಂಪ್ರೂವ್ ತಾಣಕ್ಕೆ ಹಾಕಿದರೆ ಅದು ಅನುಮಾನದ ಜಾಗಗಳನ್ನು ಗುರುತಿಸಿ ಮಟ್ಟ ಹೇಳುತ್ತದೆ, ಸರಿಪಡಿಸುವ ಕೆಲಸವನ್ನು ಬರೆದವರಿಗೇ ಬಿಡುತ್ತದೆ. ಆ ತಿದ್ದುಪಡಿಯ ಜಗಳ ಇಡೀ ತರಗತಿಯ ಮುಂದೆ ನಡೆಯಲಿ.

ಇಷ್ಟೆಲ್ಲ ಹೇಳಿದರೂ ಹತ್ತನೇ ತರಗತಿಯ ಶಿಕ್ಷಕರು ಕೇಳುವುದು ಒಂದೇ: ಇದು ಪರೀಕ್ಷೆಗೆ ಬರುತ್ತದೆಯೇ? ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಲಿಖಿತ, 20 ಆಂತರಿಕ. ಲಿಖಿತದಲ್ಲಿ ಕೇಳುವುದೂ ಇಲ್ಲ, ಮಾತನಾಡುವುದೂ ಇಲ್ಲ. ಆದ್ದರಿಂದ ಜನವರಿ ಬಂತೆಂದರೆ ‘ಪಾಸಿಂಗ್ ಪ್ಯಾಕೇಜ್’ ಶುರು: ಪತ್ರದ ಮಾದರಿ, ಬಾಯಿಪಾಠದ ಪದ್ಯ, ಖಚಿತವಾಗಿ ಬರುವ ಪ್ರಶ್ನೆಗಳು. ಫೋನಿನಲ್ಲಿ ಮಕ್ಕಳು ಹುಡುಕುವುದೂ ಅದನ್ನೇ, ಯೂಟ್ಯೂಬ್ ತೋರಿಸುವುದೂ ಅದನ್ನೇ. ಬೀಳುವ ಭಯದಲ್ಲಿರುವ ಜಿಲ್ಲೆಗೆ ಪ್ಯಾಕೇಜ್ ಬೇಡ ಎಂದು ಉಪದೇಶಿಸಲು ನನಗೆ ಮನಸ್ಸಿಲ್ಲ. ಶೇ 42ರಲ್ಲಿ ನಿಂತವರು ಮೊದಲು ದಡ ಸೇರಬೇಕು.

ಆದರೆ ಆ 20 ಅಂಕ ಶಾಲೆಯ ಕೈಯಲ್ಲೇ ಇದೆ. ಈಗ ಅದು ನೋಟ್‌ಬುಕ್ಕಿನ ಅಂದಕ್ಕೆ, ಎಲ್ಲಿಂದಲೋ ಇಳಿಸಿದ ಪ್ರಾಜೆಕ್ಟ್‌ಗೆ ಹಂಚಿಹೋಗುತ್ತಿದೆ. ಅದರಲ್ಲಿ ಐದು ಅಂಕವನ್ನು ಕೇಳಿ ಬರೆಯುವುದಕ್ಕೆ, ಐದನ್ನು ಎರಡು ನಿಮಿಷ ಮಾತನಾಡುವುದಕ್ಕೆ ಎತ್ತಿಟ್ಟರೆ ಎಂಟನೇ ತರಗತಿಯಿಂದಲೇ ಸ್ಪೀಕರ್ ಹೊರಬರುತ್ತದೆ. ತಾಲ್ಲೂಕಿಗೆಲ್ಲ ಒಂದೇ ಧ್ವನಿ ತುಣುಕನ್ನು ಪರೀಕ್ಷೆಯ ದಿನ ಬೆಳಿಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಮುಖ್ಯ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಬಹುದು. ಸುತ್ತೋಲೆಗಳು ದಿನಕ್ಕೆ ಹತ್ತು ಬರುವ ಗುಂಪು ಅದು, ಹನ್ನೊಂದನೆಯದು ಭಾರವಾಗದು. ಸ್ಪೀಕರ್ ಖರೀದಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಕ್ಷರ ಆವಿಷ್ಕಾರದಂಥ ಕಾರ್ಯಕ್ರಮ ಇದ್ದೇ ಇದೆ. ಒಂದು ಶಾಲೆಗೆ ಒಂದು ಸ್ಪೀಕರ್, ವರ್ಷಕ್ಕೆ ಎರಡು ರಿಮ್ ಹಾಳೆ, ಶಿಕ್ಷಕರ ಫೋನಿಗೆ ತಿಂಗಳ ರಿಚಾರ್ಜ್. ಟ್ಯಾಬ್ ಹಂಚುವ ಸಮಾರಂಭದ ಫೋಟೊ ಇದರಲ್ಲಿ ಸಿಗುವುದಿಲ್ಲ, ಅದಕ್ಕೇ ಏನೋ ಇಂಥ ಪ್ರಸ್ತಾವ ಇನ್ನೂ ಯಾರ ಮೇಜಿನ ಮೇಲೂ ಬಂದಂತಿಲ್ಲ.